ಮೊರ್ರಿಞ ಎಂಬ ಕುರಿರೋಗ

ನಮ್ಮ ಭಾವನವರನ್ನು ಮನೆಯಲ್ಲಿಟ್ಟುಕೊಂಡೂ ತಲೆ ಕೆಡದೆ ಉಳಿದ ಹೆಂಗಸು ಇಡೀ ಕ್ಯಾಲಿಫೋರ್ನಿಯಾದಲ್ಲಿ ನಾನೊಬ್ಬಳೇ ಎಂದು ಬಹಳ ಹೆಮ್ಮೆಪಟ್ಟುಕೊಂಡಿದ್ದೆ. ಆ ಹೆಮ್ಮೆ ಒಂದು ಗುರುವಾರ ಬೆಳಗ್ಗೆ ಕಾಫಿಗೆ ಮುಂಚೆಯೇ ಮುಗಿದುಹೋಯಿತು.

ಆ ಬೆಳಗೂ ಉಳಿದ ಬೆಳಗುಗಳ ಹಾಗೆಯೇ ಶುರುವಾಗಿತ್ತು. ಅಲಾರಮ್ಮು ಬಡಿದುಕೊಳ್ಳುವ ಮೊದಲೇ ಎದ್ದು ಅದರ ಬಾಯಿ ಮುಚ್ಚಿಸಿ, ಕಾಲುಚೀಲ ಏರಿಸಿಕೊಂಡು (ಈ ದೇಶದಲ್ಲಿ ಅಡುಗೆಮನೆಗೂ ಕಾಲುಚೀಲ ಹಾಕಿಕೊಂಡೇ ಹೋಗಬೇಕು, ನೆಲ ಅಷ್ಟು ತಣ್ಣಗೆ!), ಹೀಟರಿನ ಗುಂಡಿ ತಿರುಗಿಸಿ, ಮಗಳ ಲಂಚ್ ಬಾಕ್ಸಿಗೆ ಸ್ಯಾಂಡ್‌ವಿಚ್ಚು, ಯಜಮಾನರ ಡಬ್ಬಿಗೆ ಚಿತ್ರಾನ್ನ ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಅಡುಗೆಮನೆಯ ದೀಪ ಹಾಕಿದೆ. ಹಾಕಿದವಳು ಹಾಗೇ ನಿಂತುಬಿಟ್ಟೆ. ನನ್ನ ಅಕ್ಕಿ ಡಬ್ಬಿಯ ಮುಂದೆ ಭಾವನವರು ಕುಕ್ಕರಗಾಲಿನಲ್ಲಿ ಕೂತಿದ್ದರು. ಬಲಗೈ ಮೊಣಕೈವರೆಗೆ ಡಬ್ಬಿಯೊಳಗೆ! ಕತ್ತಲಲ್ಲಿ!

ಅವರ ಪರಿಚಯ ನಿಮಗಿಲ್ಲವಾದರೆ ನೀವು ಪುಣ್ಯ ಮಾಡಿದವರು. ಆದರೂ ಹೇಳದೆ ವಿಧಿಯಿಲ್ಲ.

ಭಾವನವರು ನಮ್ಮ ಯಜಮಾನರ ಖಾಸಾ ಅಣ್ಣ. ಸಾಂಟಾ ಕ್ಲಾರಾದ ಒಂದು ಚಿಪ್ ಕಂಪನಿಯಲ್ಲಿ ಎಂಜಿನಿಯರು, ಬ್ರಹ್ಮಚಾರಿ. "ಅಪಾರ್ಟ್‌ಮೆಂಟು ಸಿಗೋವರೆಗೆ ಎರಡು ವಾರ ಇದ್ದುಹೋಗ್ತೀನಮ್ಮ" ಎಂದು ಒಂದು ಸೂಟ್‌ಕೇಸು ಮತ್ತು ಪೆಟ್ಟಿಗೆಗಟ್ಟಲೆ ನಿಘಂಟುಗಳೊಡನೆ ನಮ್ಮ ಮನೆಗೆ ಬಂದವರು. ಅವರು ಬಂದಾಗ ನನ್ನ ಮಗಳಿಗೆ ಹಲ್ಲು ಹುಟ್ಟಿರಲಿಲ್ಲ. ಈಗ ಅವಳ ಹಾಲುಹಲ್ಲು ಬೀಳುತ್ತಿವೆ. ಅಪಾರ್ಟ್‌ಮೆಂಟು ಇನ್ನೂ ಸಿಕ್ಕಿಲ್ಲ!

ಮನುಷ್ಯ ಕುಡಿಯುವುದಿಲ್ಲ, ಸೇದುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಇವೆಲ್ಲ ಇದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ, ದೇವರು ಕ್ಷಮಿಸಲಿ. ಅವರ ಚಟವೇ ಬೇರೆ. ಕಿವಿಗೆ ಬಿದ್ದ ಪದ ಎಲ್ಲಿ ಹುಟ್ಟಿತು, ಯಾರ ಮನೆಯಲ್ಲಿ ಬೆಳೆಯಿತು, ಯಾವ ಹಡಗು ಹತ್ತಿ ಇಲ್ಲಿಗೆ ಬಂತು ಎಂದು ಪತ್ತೆ ಮಾಡದೆ ಅವರಿಗೆ ತುತ್ತು ಇಳಿಯುವುದಿಲ್ಲ. ಅವರಿಗೆ ಇಳಿಯದಿದ್ದರೆ ಚಿಂತೆಯಿಲ್ಲ, ನಮಗೂ ಇಳಿಯಗೊಡುವುದಿಲ್ಲವಲ್ಲ! "ಉಪ್ಪಿನಕಾಯಿ ಬಡಿಸಮ್ಮ" ಎನ್ನುತ್ತಾರೆ. ನಾನು ಸೌಟು ಎತ್ತುವಷ್ಟರಲ್ಲಿ 'ಬಡಿಸು' ಎಂಬ ಪದ ಹಿಡಿದು ಹೊರಟರೆ, ವಾಪಸು ಬರುವಷ್ಟರಲ್ಲಿ ಸಾರು ಆರಿ ಮೇಲೆ ಕೆನೆಗಟ್ಟಿರುತ್ತದೆ.

ಅವರಿಗೆ ಮದುವೆಯಾಗದಿರುವುದಕ್ಕೂ ಇದೇ ಕಾರಣ. ಮೈಸೂರಿನಲ್ಲಿ ಒಮ್ಮೆ ಹೆಣ್ಣು ನೋಡಲು ಹೋಗಿದ್ದರಂತೆ. ಹುಡುಗಿ ಲಕ್ಷಣವಾಗಿದ್ದಳು, ಹಾಡಿದಳು, ಕೇಸರೀಬಾತಿನ ಪರಿಮಳ ಒಳಗಿನಿಂದ ಬರುತ್ತಿತ್ತು. ಹೆಸರು ಪ್ರಮೀಳಾ ಎಂದರು. ನಮ್ಮ ಭಾವನವರ ಮುಖ ಅರಳಿತು. "ಪ್ರಮೀಳಾ ಅಂದ್ರೆ ಸಂಸ್ಕೃತದಲ್ಲಿ ತೂಕಡಿಕೆ, ಗೊತ್ತಾ? ಕಣ್ಣು ಎಳೀತಾ ಇರುತ್ತಲ್ಲ, ಅದು!" ಎಂದು ಭಾವೀ ಮಾವನವರಿಗೆ ವಿವರಿಸಿದರು. ಕೇಸರೀಬಾತು ಹೊರಗೆ ಬರಲೇ ಇಲ್ಲ!

ಈ ಊರಿಗೆ ಬಂದ ಮೇಲಂತೂ ಅವರಿಗೆ ಹಬ್ಬ. ಇಲ್ಲಿ ಬೀದಿ, ಬೆಟ್ಟ, ಊರುಕೇರಿಗಳಿಗೆಲ್ಲ ಸ್ಪ್ಯಾನಿಷ್ ಹೆಸರು. ಕಮ್ಯುನಿಟಿ ಕಾಲೇಜಿನ ಸಂಜೆ ಕ್ಲಾಸಿಗೆ ಸೇರಿ ಸ್ಪ್ಯಾನಿಷ್ ಕಲಿತರು. ಆಮೇಲೆ ಅವರೊಡನೆ ಕಾರಿನಲ್ಲಿ ಕೂರುವುದೇ ಶಿಕ್ಷೆಯಾಯಿತು. "ಎಲ್ ಕಮೀನೋ ರಿಯಲ್ ಅಂದ್ರೆ ರಾಜಮಾರ್ಗ ನೋಡಮ್ಮ. ನೀನು ಕೊತ್ತಂಬರಿ ಸೊಪ್ಪು ತರಕ್ಕೆ ಹೋಗೋದು ರಾಜಮಾರ್ಗದಲ್ಲಿ!" ಲಾಸ್ ಆಲ್ಟೋಸ್ ಎಂದರೆ ಎತ್ತರದ ಜಾಗಗಳು ಎಂದು ವಿವರಿಸುವ ಭರದಲ್ಲಿ ಲಾಸ್ ಆಲ್ಟೋಸಿನ ಎಕ್ಸಿಟ್ಟೇ ತಪ್ಪಿಹೋಗಿ, ಮಗಳ ಡಾಕ್ಟರ ಅಪಾಯಿಂಟ್‌ಮೆಂಟು ತಪ್ಪಿತು. ಒಂದು ದಿನ ಫ್ರೀವೇಯಲ್ಲಿ ಬೋರ್ಡು ಓದುತ್ತ ಎತ್ತಿನ ಗಾಡಿಯ ವೇಗದಲ್ಲಿ ಹೋಗುತ್ತಿದ್ದಾಗ ಪೊಲೀಸಿನವನು ಅಡ್ಡಹಾಕಿದ. ಇವರು ಕಿಟಕಿ ಇಳಿಸಿ, ಅವನ ಎದೆಯ ಮೇಲಿನ ಹೆಸರು ಓದಿ, "ನಿಮ್ಮ ಪೂರ್ವಿಕರು ಗಾಡಿಗೆ ಚಕ್ರ ಮಾಡೋರು ಅಂತ ನಿಮಗೆ ಗೊತ್ತಾ?" ಎಂದು ಶುರುಮಾಡಿದರು. ಅವನು ಚೀಟಿಯನ್ನೂ ಹರಿಯದೆ ಓಡಿಹೋದ. ಪೊಲೀಸಿಗೆ ಓಡಲು ಅವಕಾಶವಿದೆ. ನನಗೆಲ್ಲಿದೆ?

ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಕೋಪ ಬಂದಾಗ ದನಿ ಇಳಿಸಬೇಕು, ಮಾತಿಗೆ ಮೊದಲು 'ಕೈಂಡ್ಲಿ' ಸೇರಿಸಬೇಕು ಎಂದು ಸಿಸ್ಟರುಗಳು ಕಲಿಸಿಕೊಟ್ಟಿದ್ದರು. ಹಾಗಾಗಿ ಇಷ್ಟು ವರ್ಷ ನಾನು ಕೈಂಡ್ಲಿ ಎನ್ನುತ್ತ, ಮನಸ್ಸಿನಲ್ಲಿ ಪಾತ್ರೆ ಎಸೆಯುತ್ತ ಕಾಲ ಹಾಕಿದ್ದೆ. ಆ ಗುರುವಾರದ ಕೋಪ ಮಾತ್ರ ಆ ಜಾತಿಯದಲ್ಲ. ಅದರ ಬೇರು ಪಕ್ಕದ ಮನೆಯಲ್ಲಿತ್ತು.

ಪಕ್ಕದ ಮನೆಯಲ್ಲಿದ್ದವರು ಸಬೇಲಾ ಅಜ್ಜಿ. ಗಂಡ ತೀರಿಕೊಂಡಿದ್ದರು. ತಮ್ಮನ್ನು ಸ್ಪೇನಿನವರು ಎಂದರೆ ಅವರಿಗೆ ಸಿಟ್ಟು. "ನಾನು ಗಲೀಸಿಯಾದವಳು" ಎನ್ನುತ್ತಿದ್ದರು. ಸ್ಪೇನಿನ ವಾಯವ್ಯ ಮೂಲೆಯ ಸೀಮೆಯಂತೆ ಅದು. ಅಲ್ಲಿಯೂ ಕಡಲು, ಮೀನು, ವರ್ಷದಲ್ಲಿ ಮುಕ್ಕಾಲು ಭಾಗ ಮಳೆ, ಹಡಗು ಹತ್ತಿ ದುಡಿಯಲು ಹೋದ ಗಂಡಸರು. ಅವರ ಊರಿನ ನುಡಿಯೂ ಬೇರೆ, ಸ್ಪ್ಯಾನಿಷಿನ ಅಕ್ಕತಂಗಿಯಂಥದ್ದು. ಮದುವೆಯಾಗಿ ಬಂದು ಇಲ್ಲಿ ಹಣ್ಣು ಡಬ್ಬಿಗೆ ತುಂಬುವ ಕ್ಯಾನರಿಯಲ್ಲಿ ಏಪ್ರಿಕಾಟಿನ ಬೀಜ ತೆಗೆಯುತ್ತ ಬಾಳು ಸವೆಸಿದವರು. ನನ್ನನ್ನು ಫಿಲ್ಲಾ ಎಂದು ಕರೆಯುತ್ತಿದ್ದರು. ಹಾಗೆಂದರೆ ಮಗಳು ಅಂತ.

ಆ ಚಳಿಗಾಲ ನನಗೆ ಏನೋ ಆಗಿತ್ತು. ಊಟ ಸೇರುತ್ತಿರಲಿಲ್ಲ. ಮಾಡಿದ್ದನ್ನು ಎಲ್ಲರಿಗೂ ಬಡಿಸಿ ನನ್ನ ತಟ್ಟೆಯ ಮುಂದೆ ಕೂತರೆ ಗಂಟಲಲ್ಲಿ ಬಾಗಿಲು ಹಾಕಿದ ಹಾಗೆ. ಡಾಕ್ಟರು ವಿಟಮಿನ್ನು ಬರೆದುಕೊಟ್ಟರು. ಯಜಮಾನರು ನನ್ನ ರವಿಕೆ ಸಡಿಲವಾದದ್ದನ್ನು ನೋಡಿ, "ಡಯಟ್ಟಾ? ಗುಡ್, ಗುಡ್. ಕಂಟಿನ್ಯೂ ಮಾಡು" ಎಂದರು. ಮಾಡುತ್ತೇನೆ, ಇರಿ! ಒಂದು ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಸಣ್ಣಗೆ ಹನಿಯತೊಡಗಿತು. ಬಟ್ಟೆ ತೆಗೆಯುವುದು ಬಿಟ್ಟು ನಾನು ಆ ಹನಿಗಳಲ್ಲಿ ಸುಮ್ಮನೆ ನಿಂತಿದ್ದೆನಂತೆ. ಬೇಲಿಯಾಚೆಯಿಂದ ಸಬೇಲಾ ಅಜ್ಜಿ ನೋಡಿ, "ಏನಾಯಿತು?" ಎಂದು ಕೂಡ ಕೇಳಲಿಲ್ಲ. "ಆಹ್, ಫಿಲ್ಲಾ. ಮೊರ್ರಿಞ" ಎಂದರು. ಹುಟ್ಟಿದ ನೆಲಕ್ಕಾಗಿ ಹಂಬಲಿಸಿ ಒಳಗೊಳಗೇ ಕೊರಗುವುದಕ್ಕೆ ಅವರ ನುಡಿಯಲ್ಲಿ ಆ ಹೆಸರಂತೆ. ನನಗೆ ಎಷ್ಟು ಹಗುರವಾಯಿತೆಂದರೆ, ಅಲ್ಲೇ ಅತ್ತುಬಿಟ್ಟೆ. ಆ ಪದವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡ ಹಾಗೆ ಒಳಗೆ ತಂದೆ.

ತಂದವಳು ಸುಮ್ಮನಿರಬೇಕೋ ಬೇಡವೋ? ರಾತ್ರಿ ಊಟದ ಹೊತ್ತಿಗೆ ಬಾಯಿತಪ್ಪಿ ಆಡಿಬಿಟ್ಟೆ. ಭಾವನವರ ಕೈಯಲ್ಲಿನ ತುತ್ತು ಅರ್ಧದಲ್ಲೇ ನಿಂತಿತು.

"ಏನಂದ್ಯಮ್ಮ? ಇನ್ನೊಂದ್ಸಲ ಹೇಳು."

"ಏನಿಲ್ಲ ಭಾವ. ಹುಳಿ ಬಡಿಸ್ಲಾ?"

"ಮೊರ್ರಿಞ! ಆಹಾ! ಕೊನೇ ಅಕ್ಷರ ಞ! ನಮ್ಮ ವರ್ಣಮಾಲೇಲಿ ಕೆಲಸ ಇಲ್ದೆ ಕೂತಿದ್ದ ಞಕಾರಕ್ಕೆ ಕೊನೆಗೂ ಒಂದು ಉದ್ಯೋಗ ಸಿಕ್ತಲ್ಲಮ್ಮ, ಅದೂ ಫಾರಿನ್ನಲ್ಲಿ!"

ಅಲ್ಲಿಗೆ ನನ್ನ ಪದ ನನ್ನದಾಗಿ ಉಳಿಯಲಿಲ್ಲ. ಮರುದಿನದಿಂದ ಆಫೀಸು ಮುಗಿಸಿ ನೇರ ಸಬೇಲಾ ಅಜ್ಜಿಯ ಅಡುಗೆಮನೆಗೆ ಹೋಗಿ ಕೂರತೊಡಗಿದರು. ಆ ತಾಯಿ ಸೊಪ್ಪಿನ ಸಾರು ಬಡಿಸಿಕೊಟ್ಟು, ಇವರ ಪುಸ್ತಕದ ಸ್ಪ್ಯಾನಿಷನ್ನು ಸಹಿಸಿಕೊಂಡು, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದರು. ವಾಪಸು ಬಂದ ಮೇಲೆ ನಮಗೆ ಉಪನ್ಯಾಸ. ಈ ಪದ ಸ್ಪ್ಯಾನಿಷಿನವರದಲ್ಲವೇ ಅಲ್ಲವಂತೆ. ಗಲೀಸಿಯಾದವರು ದುಡಿಯಲು ಹೋದಲ್ಲೆಲ್ಲ ಅದನ್ನು ಒಯ್ದರು. ಅಂಥ ಸಂಕಟಕ್ಕೆ ತಮ್ಮಲ್ಲಿ ಒಳ್ಳೆಯ ಪದವಿಲ್ಲದ ಸ್ಪ್ಯಾನಿಷಿನವರು ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದ ಹಾಗೆ ತಂದುಕೊಂಡರು. ಸಕ್ಕರೆಯ ಹಾಗೆಯೇ ವಾಪಸು ಕೊಡಲಿಲ್ಲ! ಅದರ ಬೇರು 'ಸಾಯು' ಎಂಬ ಕ್ರಿಯಾಪದ, ಬಾಲದಲ್ಲಿರುವುದು 'ಪುಟ್ಟದು' ಎನ್ನುವ ಪ್ರತ್ಯಯ, ಆದ್ದರಿಂದ ಅದು ಒಂದು ಪುಟಾಣಿ ಸಾವು ಎಂದು ಕೆಲವರು. ಛೆ, ಹಾಗಲ್ಲ ಎಂದು ಕೆಲವರು. ಪಂಡಿತರಲ್ಲೇ ಜಗಳವಂತೆ. ಅಜ್ಜಿಯ ತಾಯಿಯ ಊರಲ್ಲಿ ಬಟ್ಟೆ ನೆನೆಸುವ ಆ ಸಣ್ಣ ಸೋನೆಗೂ ಅದೇ ಹೆಸರಂತೆ. ಇಷ್ಟು ಹೇಳುವಷ್ಟರಲ್ಲಿ ಮಗಳು ಮೇಜಿನ ಮೇಲೇ ನಿದ್ದೆ ಹೋಗಿದ್ದಳು, ನಾನು ಒಳಗೆ ಪಾತ್ರೆ ಕುಕ್ಕುತ್ತಿದ್ದೆ. ನನ್ನ ಎದೆಯ ನೋವನ್ನು ಹೀಗೆ ಕಪ್ಪೆಯ ಹಾಗೆ ಹಲಗೆಗೆ ಮೊಳೆ ಹೊಡೆದು ಕುಯ್ಯುವುದೆಂದರೇನು?

ಇದನ್ನೂ ನುಂಗಿಕೊಂಡೆ. ಯುಗಾದಿ ಬಂತು.

ಯೂನಿಯನ್ ಸಿಟಿಯಲ್ಲಿ ಒಬ್ಬರ ಮನೆಯಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಒಬ್ಬೊಬ್ಬರು ಒಂದೊಂದು ಅಡುಗೆ. ನನ್ನದು ಬಿಸಿಬೇಳೆಬಾತು. ಮನೆಯಾಕೆ ನನ್ನ ಕೈ ಹಿಡಿದು, "ಯಾಕ್ರೀ ಇಷ್ಟು ಇಳಿದುಹೋಗಿದೀರಿ? ಹುಷಾರಿಲ್ವಾ?" ಎಂದು ಪಿಸುಮಾತಿನಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಾಲಿನ ಆ ತುದಿಯಿಂದ ಉತ್ತರ ಬಂತು.

"ಅದು ಮೊರ್ರಿಞ! ಡಿಕ್ಷನರೀಲಿ ಎರಡನೇ ಅರ್ಥ ನೋಡಿ ಬೇಕಾದ್ರೆ. ಕುರಿಗೆ, ದನಕ್ಕೆ ಬರೋ ರೋಗ! ಹುಲ್ಲು ಮುಟ್ಟಲ್ಲ, ಮೂಲೇಲಿ ನಿಂತಿರತ್ತೆ, ಮೈ ಇಳಿದುಹೋಗತ್ತೆ. ಎಲ್ಲಾ ಲಕ್ಷಣಾನೂ ಕರೆಕ್ಟಾಗಿ ಇದೆ!"

ಇಡೀ ಹಾಲು ನಕ್ಕಿತು. ಯಜಮಾನರೂ ನಕ್ಕರು. ಅವರ ಲೆಕ್ಕ ಬೇರೆ ಇಟ್ಟಿದ್ದೇನೆ. ನಾನು ಬಿಸಿಬೇಳೆಬಾತಿನ ಸೌಟು ಹಿಡಿದು, ಸಿಸ್ಟರುಗಳು ಕಲಿಸಿದ ಮುಗುಳ್ನಗೆಯನ್ನು ಮುಖಕ್ಕೆ ಅಂಟಿಸಿಕೊಂಡು ನಿಂತಿದ್ದೆ. ಸೌಟು ಸ್ಟೀಲಿನದಾದ್ದರಿಂದ ಮುರಿಯಲಿಲ್ಲ. ಅಲ್ಲಿಂದ ಮುಂದೆ ಇಂಡಿಯನ್ ಅಂಗಡಿಯ ಮೆಣಸಿನಕಾಯಿ ಬುಟ್ಟಿಯ ಹತ್ತಿರ ಕಂಡವರೆಲ್ಲ, "ಹೇಗಿದೆ ನಿಮ್ಮ ಕುರಿರೋಗ?" ಎಂದು ಹಲ್ಲು ಬಿಡತೊಡಗಿದರು. ಒಬ್ಬ ಮಹಾಶಯನಂತೂ "ಮ್ಯಾ" ಎಂದ!

ಯುಗಾದಿ ಕಳೆದು ವಾರವಾಗಿರಬೇಕು, ಇನ್ನೊಂದು ಗ್ರಹಚಾರ ಶುರುವಾಯಿತು. ನನ್ನ ಕೈಯ ಅನ್ನ ಕೆಡತೊಡಗಿತು.

ಅನ್ನ! ಹನ್ನೆರಡು ವರ್ಷದ ಹುಡುಗಿಯೂ ಮಾಡುವ ಅನ್ನ! ಕುಕ್ಕರ್ ತೆಗೆದರೆ ಮುಕ್ಕಾಲು ಭಾಗ ಗಂಜಿಯ ಹಾಗೆ ಮೆತ್ತಗೆ, ನಡುನಡುವೆ ಬೇಯದ ಕಾಳು, ಹಲ್ಲಿಗೆ ಮರಳು ಸಿಕ್ಕಿದ ಹಾಗೆ. ನೀರು ಕಡಿಮೆ ಮಾಡಿದೆ, ಜಾಸ್ತಿ ಮಾಡಿದೆ, ವಿಸಲ್ಲು ಏರಿಸಿದೆ, ಇಳಿಸಿದೆ. ಕುಕ್ಕರಿಗೆ ಹೊಸ ಗ್ಯಾಸ್ಕೆಟ್ಟು ಹಾಕಿಸಿದೆ. ಯಜಮಾನರು ಒಂದು ತುತ್ತು ಬಾಯಿಗಿಟ್ಟು, "ಏನೇ ಇದು, ಅನ್ನಾನೋ ಕಾಂಕ್ರೀಟೋ?" ಎಂದರು. ಮಗಳು, "ಅಮ್ಮಾ, ಕ್ಯಾನ್ ಐ ಹ್ಯಾವ್ ಸೀರಿಯಲ್ ಇನ್‌ಸ್ಟೆಡ್?" ಎಂದಳು. ತೊಳೆಯುವಾಗ ನೋಡಿದರೆ ಬಿಳಿ ಅಕ್ಕಿಯ ನಡುವೆ ಅಲ್ಲೊಂದು ಇಲ್ಲೊಂದು ದಪ್ಪನೆಯ, ಮಾಸಲು ಬಣ್ಣದ ಕಾಳು. ಕಲಬೆರಕೆ ಎಂದುಕೊಂಡು ಎಲ್ ಕಮೀನೋದ ಅಂಗಡಿಗೆ ಮೂಟೆ ಹೊತ್ತು ಹೋಗಿ, ಅಂಗಡಿಯ ಗುಜರಾತಿ ಮುದುಕರ ಮುಂದೆ ಕುಕ್ಕಿ, "ಕೈಂಡ್ಲಿ ಎಕ್ಸ್‌ಪ್ಲೇನ್!" ಎಂದೆ. ಆ ಪಾಪದ ಮನುಷ್ಯ ಬೇರೆ ಮೂಟೆ ಕೊಟ್ಟರು. ಅದರಲ್ಲಿಯೂ ಅದೇ ಕಥೆ! ಆಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ನನ್ನ ಕೈಯೇ ಸತ್ತುಹೋಯಿತೋ ಏನೋ. ಊರು ಮರೆತ ಹಾಗೆ ಅಡುಗೆಯೂ ಮರೆಯುತ್ತಿದೆಯೋ ಏನೋ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ, ಒಂದೆರಡು ದಿನವಲ್ಲ.

ಆ ಕೆಟ್ಟ ಅನ್ನವನ್ನೇನು ಮಾಡುವುದು? ಚೆಲ್ಲಲು ಮನಸ್ಸು ಬಾರದು. ಎಲ್ಲರೂ ಹೋದ ಮೇಲೆ ಮಧ್ಯಾಹ್ನ ಅದಕ್ಕೆ ಮತ್ತಷ್ಟು ನೀರು ಹೊಯ್ದು, ಇನ್ನೊಮ್ಮೆ ಕುದಿಸಿ, ಉಪ್ಪು ಹಾಕಿ, ಮಿಡಿ ಉಪ್ಪಿನಕಾಯಿ ನೆಂಚಿಕೊಂಡು ಸಿಂಕಿನ ಹತ್ತಿರ ನಿಂತು ಬಾಯಿಗೆ ಸುರಿದುಕೊಳ್ಳುತ್ತಿದ್ದೆ. ಸಿಟ್ಟಿನಲ್ಲಿ ಎಷ್ಟು ಸೇರುತ್ತದೆಂದು ತಿಳಿಯುವುದೇ ಇಲ್ಲ. ಪಾತ್ರೆಯ ತಳ ಕಾಣುವವರೆಗೂ ಉಣ್ಣುತ್ತಿದ್ದೆ. ಸಡಿಲವಾಗಿದ್ದ ರವಿಕೆಗಳು ಮತ್ತೆ ಹಿಡಿಯತೊಡಗಿದವು. ಕೋಪಕ್ಕೆ ಮೈ ಬರುತ್ತದೆಂದು ಆಗಲೇ ನನಗೆ ಗೊತ್ತಾದದ್ದು.

ಇಷ್ಟೆಲ್ಲ ಆಗುತ್ತಿದ್ದಾಗ ಭಾವನವರು ಏನು ಮಾಡುತ್ತಿದ್ದರು ಎನ್ನುತ್ತೀರಿ? ಆ ಕಾಂಕ್ರೀಟನ್ನು ಒಂದು ಮಾತೂ ಆಡದೆ ನುಂಗುತ್ತಿದ್ದರು. ನುಂಗುತ್ತ ನನ್ನ ತಟ್ಟೆಯನ್ನೇ ನೋಡುತ್ತಿದ್ದರು. ಹೆಂಗಸರ ತಟ್ಟೆಯನ್ನು ಹಾಗೆ ನೋಡುವುದು ಯಾವ ಊರಿನ ಮರ್ಯಾದೆ? ಜೊತೆಗೆ ಅವರಿಗೆ ಏರ್‌ಪೋರ್ಟಿನ ಹುಚ್ಚು ಬೇರೆ ಹಿಡಿದಿತ್ತು. ಉಡುಪಿಯವರು, ಮಂಗಳೂರಿನವರು ಯಾರಾದರೂ ಊರಿಗೆ ಹೋಗಿ ಬರುತ್ತಾರೆಂದರೆ ಸಾಕು, ಗುರುತಿರಲಿ ಇಲ್ಲದಿರಲಿ, "ನಾನು ಪಿಕ್ ಮಾಡ್ತೀನಿ" ಎಂದು ಕಾರು ತೆಗೆದು ಹೊರಟುಬಿಡುತ್ತಿದ್ದರು. ಊಟಕ್ಕೆ ಇಲ್ಲ, ಫೋನೂ ಇಲ್ಲ. ಕೇಳಿದರೆ, "ತುಳು ಪದಗಳನ್ನ ಬಿಸಿಬಿಸಿಯಾಗಿ ಕೇಳಬೇಕಮ್ಮ" ಎಂಬ ಉತ್ತರ. ನಾನು ಮುಚ್ಚಿಟ್ಟ ಹುಳಿ ಇಲ್ಲಿ ಆರಿ ಅಂಗಾರವಾಗುತ್ತಿತ್ತು.

ಈಗ ಆ ಗುರುವಾರಕ್ಕೆ ಬರೋಣ. ದೀಪ ಹತ್ತಿದೆ, ಭಾವನವರ ಕೈ ಡಬ್ಬಿಯಲ್ಲಿದೆ.

"ಭಾವ, ಏನಿದು?"

"ಓ! ಎದ್ದುಬಿಟ್ಯಾಮ್ಮ?" ಎಂದು ಗಡಿಬಿಡಿಯಲ್ಲಿ ಎದ್ದರು. ಎಡಗೈಯಲ್ಲಿದ್ದ ಬಟ್ಟೆಯ ಗಂಟನ್ನು ಬೆನ್ನ ಹಿಂದೆ ಮರೆಮಾಡಿದರು. ಕಾಳು ನೆಲದ ಮೇಲೆಲ್ಲ ಚೆಲ್ಲಿತು. "ಏನಿಲ್ಲ. ಈ ಅಕ್ಕಿ ಇದೆಯಲ್ಲ, ಸ್ಪ್ಯಾನಿಷಿನಲ್ಲಿ ಇದಕ್ಕೆ ಅರೋಸ್ ಅಂತಾರೆ. ಅದು ಅರಬ್ಬಿಯಿಂದ ಬಂದಿದ್ದು. ಅರಬ್ಬಿಗೆ ಎಲ್ಲಿಂದ ಹೋಯ್ತು ಅಂತ ಹುಡುಕ್ತಾ ಹೋದ್ರೆ, ನಮ್ಮ ದಕ್ಷಿಣದ ಕಡೆಗೇ ಬರತ್ತೆ ಅಂತ ಕೆಲವರು..."

ಕಾನ್ವೆಂಟು, ಸಿಸ್ಟರುಗಳು, ಮುಗುಳ್ನಗೆ ಯಾವುದೂ ನೆನಪಾಗಲಿಲ್ಲ. ಗಂಟನ್ನು ಕಸಿದುಕೊಂಡು ಬಿಚ್ಚಿದೆ. ಒಳಗಿದ್ದದ್ದು ಕುಚ್ಚಲಕ್ಕಿ! ಭತ್ತ ಬೇಯಿಸಿ, ಒಣಗಿಸಿ ಮಾಡಿದ, ಕೆಂಪು ಗೆರೆಯ, ದಪ್ಪನೆಯ ನಮ್ಮೂರಿನ ಅಕ್ಕಿ. ಬೇಯಲು ಬಿಳಿ ಅಕ್ಕಿಯ ಎರಡು ಪಟ್ಟು ಹೊತ್ತು ತೆಗೆದುಕೊಳ್ಳುವ ಅಕ್ಕಿ. ಈ ದೇಶದ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲವಾದ್ದರಿಂದ ಅದು ನನ್ನ ಡಬ್ಬಿಯಲ್ಲಿರಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಅದನ್ನು ಮುಷ್ಟಿ ಮುಷ್ಟಿಯಾಗಿ ನನ್ನ ಬಿಳಿ ಅಕ್ಕಿಗೆ ಬೆರೆಸುತ್ತಿದ್ದಾರೆ! ನನ್ನ ಅನ್ನ ಕೆಟ್ಟದ್ದು ನನ್ನ ಕೈಯಿಂದಲ್ಲ!

ಈ ಮನುಷ್ಯ ನಮ್ಮ ಮದುವೆಯ ಮಾರನೆಯ ದಿನ ನಮ್ಮ ತವರಿನ ಪಂಕ್ತಿಯಲ್ಲಿ ಕೂತು, "ಈ ಅನ್ನ ಬಡಿಸಕ್ಕೆ ಸೌಟು ಬೇಡ, ಕವಣೆ ಸಾಕು" ಎಂದು ನಮ್ಮ ಚಿಕ್ಕಮ್ಮಂದಿರ ಮುಂದೆ ಹಾಸ್ಯ ಮಾಡಿದವರು. ಮೈಸೂರಿನ ಮನೆ ಸೇರಿದ ಮೇಲೆ ನಾನು ಕುಚ್ಚಲಕ್ಕಿಯ ಹೆಸರೆತ್ತುವುದನ್ನೇ ಬಿಟ್ಟಿದ್ದೆ. ಈಗ ಅದೇ ಕವಣೆಯ ಹಾಸ್ಯ, ನನ್ನದೇ ಡಬ್ಬಿಯಲ್ಲಿ! ನನಗೆ ಬೇರೆ ಏನು ಹೊಳೆಯಬೇಕು?

ನನಗೆ ಸಿಟ್ಟು ತಲೆಗೇರಿದರೆ ಮೈಸೂರಿನ ಕನ್ನಡ ಕಳಚಿಬಿದ್ದು ಒಳಗಿನ ಮಂಗಳೂರು ಹೊರಗೆ ಬರುತ್ತದೆ.

"ಎಂತದು ಭಾವ ಇದು? ನಿಮಗೆ ಮರ್ಲಾ, ತಲೆ ಸರಿ ಉಂಟಾ? ಊರವರ ಎದುರು ನನ್ನನ್ನು ಕುರಿ ಮಾಡಿದ್ದು ಸಾಕಾಗ್ಲಿಲ್ವಾ? ಈಗ ನಮ್ಮೂರ ಅಕ್ಕಿಯನ್ನೂ ತಮಾಷೆ ಮಾಡ್ಲಿಕ್ಕೆ ಹೊರಟಿದ್ದಾ? ಇಷ್ಟು ದಿನ ನನ್ನ ಕೈಯೇ ಹಾಳಾಯ್ತು ಅಂತ ಗ್ರಹಿಸಿದ್ದೆ ನಾನು! ಆ ಅಂಗಡಿಯವರಿಗೆ ಬಾಯಿಗೆ ಬಂದ ಹಾಗೆ ಹೇಳಿ ಬಂದೆ! ಗೊತ್ತುಂಟಾ ನಿಮಗೆ?"

ಯಜಮಾನರು ಅರ್ಧ ಮುಖಕ್ಕೆ ಶೇವಿಂಗ್ ನೊರೆ ಹಚ್ಚಿಕೊಂಡು ಓಡಿಬಂದರು. "ಏನಾಯ್ತು? ಹೋಗ್ಲಿ ಬಿಡೇ, ಅಣ್ಣ ಏನೋ ಎಕ್ಸ್‌ಪೆರಿಮೆಂಟು..."

"ನೀವು ಸುಮ್ಮನಿರಿ. ಇವತ್ತು ಸಂಜೆಯೊಳಗೆ ಈ ಮನೆಯಲ್ಲಿ ಅವರು, ಇಲ್ಲ ನಾನು." ಆಮೇಲೆ ಭಾವನವರ ಕಡೆ ತಿರುಗಿ, ದನಿ ಇಳಿಸಿ, ಸಿಸ್ಟರುಗಳು ಮೆಚ್ಚುವ ಹಾಗೆ ಹೇಳಿದೆ. "ಕೈಂಡ್ಲಿ ಫೈಂಡ್ ಅನದರ್ ಪ್ಲೇಸ್."

ಜೀವಮಾನದಲ್ಲಿ ಮೊದಲ ಸಲ ಭಾವನವರು ಯಾವ ಪದದ ಮೂಲವನ್ನೂ ಹೇಳಲಿಲ್ಲ. ಬಗ್ಗಿ, ನೆಲದ ಮೇಲೆ ಚೆಲ್ಲಿದ್ದ ಕಾಳುಗಳನ್ನು ಒಂದೊಂದಾಗಿ ಹೆಕ್ಕಿ ಅಂಗೈಯಲ್ಲಿ ತುಂಬಿಕೊಂಡು ಮೇಜಿನ ಮೇಲಿಟ್ಟರು.

"ಆಯ್ತಮ್ಮ" ಎಂದರು. "ಇನ್ನೊಂದು ಸ್ವಲ್ಪ ದಿನ ಆಗಿದ್ರೆ..."

"ಆಗಿದ್ರೆ ಏನು?"

"ಏನಿಲ್ಲಮ್ಮ."

ಗೋಡೆಯ ಫೋನಿನಿಂದ ಯೂನಿಯನ್ ಸಿಟಿಯಲ್ಲಿದ್ದ ಆಫೀಸಿನ ಗೆಳೆಯರೊಬ್ಬರಿಗೆ ಫೋನು ಮಾಡಿದರು. ಅವರ ಮನೆಯಲ್ಲೊಂದು ಕೋಣೆ ಖಾಲಿಯಿತ್ತು. ಇಷ್ಟು ವರ್ಷ ಸಿಗದ ಜಾಗ ಎರಡು ನಿಮಿಷದಲ್ಲಿ ಸಿಕ್ಕಿತು, ನೋಡಿ! ಆಫೀಸಿಗೆ ರಜೆ ಹಾಕಿ ನಿಘಂಟುಗಳನ್ನು ಪೆಟ್ಟಿಗೆಗಳಿಗೆ ತುಂಬತೊಡಗಿದರು. ತುಂಬುವ ಸದ್ದು ಬರುತ್ತಲೇ ಇತ್ತು. ಮಧ್ಯೆ ಒಂದು ಪುಟ ತಿರುವಿದ ಸದ್ದೂ ಇಲ್ಲ.

ನಾನು ಡಬ್ಬಿಯಲ್ಲಿದ್ದದ್ದನ್ನೆಲ್ಲ ಹಿತ್ತಲ ಮೆಟ್ಟಿಲಿನ ಮೇಲೆ ಒಂದು ಹಳೆಯ ಬೆಡ್‌ಶೀಟಿಗೆ ಸುರಿದುಕೊಂಡು ಕೂತೆ. ಒಂದು ತಟ್ಟೆಗೆ ಬಿಳಿ ಅಕ್ಕಿ, ಇನ್ನೊಂದಕ್ಕೆ ಕುಚ್ಚಲಕ್ಕಿ. ಹೆಕ್ಕಿ ಹೆಕ್ಕಿ ಬೇರೆ ಮಾಡಿದೆ. ಒಂದೊಂದು ಕಾಳಿಗೂ ಒಂದೊಂದು ಹಳೆಯ ಸಿಟ್ಟು ನೆನಪಿಗೆ ಬರುತ್ತಿತ್ತು. ಆರಿದ ಹುಳಿಗಳು, ತಪ್ಪಿದ ಎಕ್ಸಿಟ್ಟುಗಳು, ಪಾಪದ ಪ್ರಮೀಳಾ, ಮ್ಯಾ ಎಂದ ಮಹಾಶಯ. ಸ್ಕೂಲಿನಿಂದ ಬಂದ ಮಗಳು ಒಳಗಿನ ಪೆಟ್ಟಿಗೆಗಳನ್ನೂ ನನ್ನನ್ನೂ ನೋಡಿ, "ಆರ್ ಯು ಸ್ಟಿಲ್ ಮ್ಯಾಡ್, ಅಮ್ಮಾ?" ಎಂದಳು. "ಹೌದು" ಎಂದೆ. ಅವಳು ಮೆತ್ತಗೆ ದೊಡ್ಡಪ್ಪನ ಕೋಣೆಗೆ ಹೋದಳು.

ಸಂಜೆ ಯಜಮಾನರು ಆಫೀಸಿನಿಂದ ಬಂದು, ನನ್ನ ಕಡೆ ನೋಡಿಯೂ ನೋಡದ ಹಾಗೆ, ಪೆಟ್ಟಿಗೆಗಳನ್ನು ಕಾರಿನ ಡಿಕ್ಕಿಗೆ ಸಾಗಿಸತೊಡಗಿದರು. ಬೇಲಿಯಾಚೆ ಸಬೇಲಾ ಅಜ್ಜಿ ಗುಲಾಬಿ ಗಿಡಗಳಿಗೆ ನೀರು ಬಿಡುತ್ತಿದ್ದರು. ಅವರ ಇಂಗ್ಲಿಷು ಒಂದೊಂದೇ ಮೆಟ್ಟಿಲು ಇಳಿದು ಬರುವಂಥದ್ದು.

"ಫಿಲ್ಲಾ, ಹಸು ಹೇಗಿದೆ ಈಗ?"

"ಯಾವ ಹಸು?" ನನ್ನ ದನಿಯಲ್ಲಿ ಇನ್ನೂ ಬೆಳಗಿನ ಖಾರ ಇತ್ತು. "ನಮ್ಮಲ್ಲಿ ಹಸು ಇಲ್ಲ."

"ಇದೆಯಂತಲ್ಲ. ನಿನ್ನ ಭಾವ ಹೇಳಿದರು. ದೂರದ ಊರಿನಿಂದ ತಂದದ್ದು, ಮೇವು ಮುಟ್ಟುತ್ತಿಲ್ಲ, ಮೊರ್ರಿಞ ಹಿಡಿದಿದೆ ಅಂತ. ಎಷ್ಟು ಸಂಜೆ ಬಂದು ಕೂತರು ನನ್ನ ಅಡುಗೆಮನೆಯಲ್ಲಿ! ನಿಮ್ಮಪ್ಪ ಇದಕ್ಕೆ ಏನು ಮಾಡುತ್ತಿದ್ದರು, ನೆನಪು ಮಾಡಿಕೊಳ್ಳಿ, ನೆನಪು ಮಾಡಿಕೊಳ್ಳಿ ಅಂತ."

ಅವರು ಪೈಪನ್ನು ಇನ್ನೊಂದು ಗಿಡದ ಬುಡಕ್ಕೆ ಸರಿಸಿದರು.

"ನಮ್ಮಪ್ಪ ಏನು ಮಾಡುತ್ತಿದ್ದರು? ಹಸು ಹುಟ್ಟಿದ ಊರಿಗೆ ಹೋಗಿ ಒಂದು ಹೊರೆ ಅಲ್ಲಿಯದೇ ಹುಲ್ಲು ಹೊತ್ತು ತರುತ್ತಿದ್ದರು. ನಮ್ಮ ಹುಲ್ಲಿನ ಜೊತೆ ದಿನಾ ಒಂದೊಂದು ಹಿಡಿ ಬೆರೆಸುವುದು. ಒಂದೇ ಸಲ ಹಾಕಬಾರದು. ಬೆಳಕು ಹರಿಯುವ ಮೊದಲು, ಹಸುವಿಗೆ ಗೊತ್ತಾಗದ ಹಾಗೆ. ಗೊತ್ತಾದರೆ ಊರು ನೆನಪಾಗಿ ಮತ್ತೆ ಬಾಯಿ ಮುಚ್ಚಿಬಿಡುತ್ತದೆ. ಗೊತ್ತಾಗದಿದ್ದರೆ ಒಂದು ದಿನ ತಾನಾಗಿಯೇ ಮೇಯಲು ಶುರುಮಾಡುತ್ತದೆ. ನಿನ್ನ ಭಾವನಿಗೆ ಪಾಪ, ಆ ಹುಲ್ಲು ಸಿಗುವುದೇ ಕಷ್ಟವಂತೆ. ಊರಿಂದ ಬರುವವರನ್ನು ಏರ್‌ಪೋರ್ಟಿನಲ್ಲೇ ಹಿಡಿದು ಬೇಡಿದರೆ ಒಂದೊಂದು ಹಿಡಿ ಕೊಡುತ್ತಾರಂತೆ."

ಕುಚ್ಚಲಕ್ಕಿಯ ತಟ್ಟೆಯಲ್ಲಿ ನನ್ನ ಬೆರಳು ಇದ್ದಲ್ಲೇ ಇತ್ತು. ಮನೆಯ ಮುಂದೆ ಕಾರಿನ ಡಿಕ್ಕಿ ಮುಚ್ಚಿದ ಸದ್ದಾಯಿತು. ಸಬೇಲಾ ಅಜ್ಜಿ ನಲ್ಲಿ ನಿಲ್ಲಿಸಿ, ಪೈಪು ಸುತ್ತುತ್ತ ಆ ಕಡೆ ಕತ್ತು ಚಾಚಿ ನೋಡಿದರು.

"ಏನು, ಇಷ್ಟೊಂದು ಪೆಟ್ಟಿಗೆ? ಅವರು ಹೊರಟುಬಿಟ್ಟರೆ ಇನ್ನು ಹಸುವಿಗೆ ಮೇವು ಹಾಕುವವರು ಯಾರು?"